ಬನಿಯನ್ ಮೇಲಿನ ಚುಕ್ಕೆ

ದ್ಯಾಮಕ್ಕನಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ತಪ್ಪು ಯಾರದು ಅಂತ ಈಗ ಕೇಳಿದರೆ ನನ್ನದೇ ಅನ್ನುತ್ತೇನೆ. ಆಗ ಕೇಳಿದ್ದರೆ ಕೇಳಿದವರ ಜೊತೆಗೂ ಮಾತು ಬಿಡುತ್ತಿದ್ದೆ. ನನ್ನ ಬಾಯಿ ಅಂಥದ್ದು. ನಮ್ಮವ್ವ ಹಾಲಮ್ಮ ಅಂತ ಹೆಸರಿಟ್ಟಳು, ಊರವರು ಅದರ ಹಿಂದೆ ಮೆಣಸಿನಕಾಯಿ ಸೇರಿಸಿದರು. ಅದಕ್ಕೆ ನಾನೇನೂ ಬೇಜಾರು ಮಾಡಿಕೊಂಡವಳಲ್ಲ.

ಜಗಳ ಶುರುವಾಗಿದ್ದು ಒಂದು ಚುಕ್ಕೆಯಿಂದ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ನಮ್ಮ ಮನೆಯ ಮುಂದಿನ ಗೋಡೆ ಮೇಲೆ, ಸೊಂಟದೆತ್ತರದಲ್ಲಿ. ಉಗುರಿನಲ್ಲಿ ಕೆರೆದರೆ ಬರಲಿಲ್ಲ, ನೀರು ಹಾಕಿ ಉಜ್ಜಿದರೆ ಹೋಗಲಿಲ್ಲ, ಡಾಂಬರಿನ ಹನಿಯ ಹಾಗೆ ಕಚ್ಚಿಕೊಂಡು ಕೂತಿತ್ತು. ಮಾರನೆಯ ದಿನಕ್ಕೆ ಐದಾದವು. ಪಕ್ಕದ ಮನೆಯ ದ್ಯಾಮಕ್ಕ ದಿನವಿಡೀ ಎಲೆ ಅಡಿಕೆ ಮೆಲ್ಲುವವಳು. ನಮ್ಮಿಬ್ಬರ ಮನೆ ನಡುವೆ ಇರುವುದು ಎರಡು ಮಾರು ಜಾಗ. ನನಗೆ ಬೇರೆ ಸಾಕ್ಷಿ ಯಾಕೆ? "ಎಲೆ ಅಡಿಕೆ ಉಗುಳೋಕೆ ನನ್ನ ಗೋಡೆನೇ ಬೇಕಿತ್ತೇನೇ?" ಅಂತ ಬೀದಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದೆ. ಅವಳೂ ಬಿಡಲಿಲ್ಲ. "ಉಗುಳೋದಾದ್ರೆ ಗೋಡೆಗ್ಯಾಕೆ ಉಗುಳ್ಲಿ, ನಿನ್ನ ಮುಖ ಎಲ್ಲಿಗೆ ಹೋಗಿತ್ತು?" ಅಂದಳು. ಅವತ್ತಿನಿಂದ ನಾನು ಅವಳನ್ನು ಅಕ್ಕ ಅನ್ನುವುದು ಬಿಟ್ಟೆ, ಬರೀ ದ್ಯಾಮವ್ವ ಅಂದೆ.

ಬೇರೆ ಊರಾಗಿದ್ದರೆ ಇಷ್ಟು ಸಣ್ಣ ಚುಕ್ಕೆಗೆ ಇಷ್ಟೊಂದು ರಂಪ ಆಗುತ್ತಿರಲಿಲ್ಲ. ನಮ್ಮೂರಿನ ಮನೆಗಳಿಗೆ ಮುಖ ಕೊಳೆಯಾದರೆ ತಡೆಯುವುದಿಲ್ಲ, ತಿರುಗಿಬಿಡುತ್ತವೆ. ಮಳೆ ಬಿಟ್ಟು ಚೆನ್ನಾಗಿ ಬಿಸಿಲು ಬಿದ್ದ ಬೆಳಿಗ್ಗೆ ನೋಡಿಕೊಂಡು, ಗುಡುಗುಡು ಅಂತ ಅಲುಗಿ, ಒಂದು ಸೇರು ಅಕ್ಕಿ ಬೇಯುವಷ್ಟು ಹೊತ್ತಿನಲ್ಲಿ ಬಾಗಿಲು ಹಿಂದಕ್ಕೆ, ಬೆನ್ನು ಬೀದಿಗೆ. ಅದಕ್ಕೇ ನಮ್ಮಲ್ಲಿ ಮನೆಗಳಿಗೆ ಮೂಲೆ ಇಲ್ಲ, ಕಣಜದ ಹಾಗೆ ಗುಂಡಗೆ ಕಟ್ಟುತ್ತಾರೆ. ಕರೆಂಟಿನವರು ವೈರನ್ನು ಎರಡು ಸುತ್ತು ಸಡಿಲ ಬಿಟ್ಟು ಹೋಗುತ್ತಾರೆ. ಅಂಚೆಯ ಮಲ್ಲೇಶಿ ಬೀದಿಗೆ ಬಂದವನೇ "ಯಾರ್ಯಾರ ಮನೆ ಯಾವ ಕಡೆ ಅದಾವ್ರಪ್ಪಾ?" ಅಂತ ಕೂಗಿ ಕೇಳಿಯೇ ಕಾಗದ ಹಂಚುವುದು. ಹೆಣ್ಣು ನೋಡಲು ಬಂದವರು ಕುಲ ಕೇಳುವ ಮೊದಲು ಮನೆ ಎಷ್ಟು ಸಲ ತಿರುಗಿದೆ ಅಂತ ಕೇಳುತ್ತಾರೆ. ಗೋಡೆ ಕೆರೆದು ಸುಣ್ಣ ಬಳಿದು ಬೆಳ್ಳಗೆ ಮಾಡಿದರೆ ಮನೆ ವಾಪಸ್ ಬೀದಿಗೆ ಮುಖ ಮಾಡುತ್ತದೆ. ಆದರೆ ಎರಡೇ ಸಲ. ಮೂರನೆಯ ಸಲ ತಿರುಗಿದ ಮನೆಗೆ ಸುಣ್ಣದ ಬದಲು ಬೆಣ್ಣೆ ಬಳಿದರೂ ಅದು ಕದಲುವುದಿಲ್ಲ. ಅಂಥ ಮನೆಯ ಹಿಂಗೋಡೆ ಒಡೆದು ಬೀದಿಗೆ ಕಿಟಕಿ ಇಡಿಸಿದವರ ಕತೆ ಬೇಡ ಬಿಡಿ, ಸೂರೂ ಉಳಿಯಲಿಲ್ಲ.

ತಿರುಗುವಾಗ ಪಾಯ ಉಜ್ಜಿ ಸೀಳಬಾರದು ಅಂತ ಮನೆಯ ಸುತ್ತ ಮರದ ಚಕ್ಕೆ ಹಾಸುವುದು ನಮ್ಮ ಪದ್ಧತಿ. ಬಡಗಿ ರುದ್ರಾಚಾರ್ರ ಅಂಗಳದಿಂದ ಬುಟ್ಟಿ ಬುಟ್ಟಿ ಚಕ್ಕೆ ತಂದು ಗೋಡೆ ಬುಡದಲ್ಲಿ ಗೇಣು ದಪ್ಪ ಸುರಿಯುತ್ತೇವೆ. ಪ್ರತಿ ವರ್ಷ ಹಳೆಯದರ ಮೇಲೆ ಹೊಸದು. ಕೆಳಗಿನದು ಕೊಳೆತು ಮೆತ್ತಗಾದಷ್ಟೂ ಮನೆಗೆ ಸುಖ ಅಂತ ಆಚಾರ್ರು ಹೇಳುತ್ತಿದ್ದರು. ಅವರಪ್ಪನೂ ಅದನ್ನೇ ಹೇಳುತ್ತಿದ್ದರಂತೆ. ಆಚಾರ್ರ ಮಾತಿಗೆ ಊರಲ್ಲಿ ಎದುರಾಡುವವರಿಲ್ಲ, ನಾನೊಬ್ಬಳನ್ನು ಬಿಟ್ಟು. ನಾನೂ ಆವಾಗ ಎದುರಾಡಿರಲಿಲ್ಲ.

ನಮ್ಮ ಮನೆ ಮೊದಲ ಸಲ ತಿರುಗಿದ್ದು ಆ ಜಗಳದ ವರ್ಷವೇ. ನಮ್ಮ ಸಾಲಿನ ಹಿಂದೆ ದೊಡ್ಡ ಬಂಡೆ. ಮನೆ ತಿರುಗಿದರೆ ಬಾಗಿಲಿಗೂ ಬಂಡೆಗೂ ನಡುವೆ ಒಂದು ಮೊಳ ಉಳಿಯುತ್ತದೆ, ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನಡೆದು ಬೀದಿಗೆ ಬರಬೇಕು. ಆಗ ನಮ್ಮನೆಯವರು ಗಟ್ಟಿಮುಟ್ಟಾಗಿದ್ದರು. "ಹಾಲಮ್ಮಾ, ನೀನಂತೂ ಈ ಸಂದೀಲಿ ಸಿಕ್ಕಾಕ್ಕೊಂಡ್ರೆ ಬಂಡೆನೇ ಒಡೀಬೇಕು" ಅಂತ ನಗಾಡಿದರು. ನಗಾಡುತ್ತಲೇ ಗೋಡೆ ಕೆರೆದರು, ಸುಣ್ಣ ಬಳಿದರು, ಹತ್ತು ದಿನಕ್ಕೆ ಮನೆ ಸರಿಹೋಯಿತು.

ಅವರ ಹೆಸರು ಕೊಟ್ರಪ್ಪ. ಸಂತೆ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್. ಅವರು ಒಂದು ಸಲ "ರೈಟ್" ಅಂದರೆ ಕೆರೆಯ ಆಚೆ ದಡದ ಕೊಕ್ಕರೆಗಳು ಏಳುತ್ತಿದ್ದವು. ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಉಣ್ಣುತ್ತಾ ಕೂತಿದ್ದಾಗ ತುತ್ತು ಹಿಡಿದ ಕೈ ಹಾಗೇ ತಟ್ಟೆ ಮೇಲೆ ಬಿತ್ತು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಹೋಯಿತು, ಅದನ್ನು ಹೇಗೋ ತಡೆದುಕೊಂಡೆ. ಮಾತು ಪೂರ್ತಿ ಹೋಯಿತು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಅಡುಗೆಮನೆಯಲ್ಲಿ ರುಬ್ಬುಗುಂಡು ತಿರುಗಿಸುತ್ತಾ, ಆ ಸದ್ದಿನಲ್ಲಿ ಅಳುತ್ತಿದ್ದೆ.

ಡಾಕ್ಟರಮ್ಮ ಒಂದು ದಾರಿ ಹೇಳಿದರು. "ಜನ ಓಡಾಡೋ ಕಡೆ ಕೂರಿಸಿ. ಹೋಗೋರು ಬರೋರು ಮಾತಾಡಿಸ್ಲಿ. ಒಂದೊಂದೇ ಮಾತು ವಾಪಸ್ ಬರುತ್ತೆ." ಬೀದಿ ಕಿಟಕಿಗೆ ಒತ್ತಿ ಮಂಚ ಹಾಕಿದೆ. ನಮ್ಮದು ಸಂತೆಗೆ ಹೋಗುವ ದಾರಿ. "ಏನ್ ಕಂಡಕ್ಟ್ರೇ, ಬಸ್ ಬಿಡೋಣವಾ?" ಅಂತ ಕೇಳದೆ ಯಾರೂ ದಾಟುತ್ತಿರಲಿಲ್ಲ. ಮೊದಲು ಬಂದ ಮಾತು "ನೀರು". ಆಮೇಲೆ "ಬಾ". ಸೊಪ್ಪಿನ ಈರಮ್ಮ ದಿನಾ ಕಿಟಕಿ ಹತ್ತಿರ ನಿಂತು ಮೆಂತ್ಯದ ಕಟ್ಟು ಮೂಗಿಗೆ ಹಿಡಿಯುತ್ತಿದ್ದಳು, "ಮೆಂತ್ಯ" ಬಂತು. ಹೀಗೆ ಹತ್ತೊಂಬತ್ತು ಮಾತು ಕೂಡಿದವು. ಅಷ್ಟರಲ್ಲಿ ಮಳೆಗಾಲ ಬಂತು, ಚುಕ್ಕೆ ಬಿತ್ತು, ಮನೆ ಎರಡನೆಯ ಸಲ ತಿರುಗಿತು.

ಇಪ್ಪತ್ತೆರಡು ದಿನ ಅವರು ಬಂಡೆ ನೋಡುತ್ತಾ ಮಲಗಿದ್ದರು. ಆ ಸಂದಿಯಲ್ಲಿ ಮಂಚ ಹೊರಗೆ ತರುವಂತಿಲ್ಲ, ಜನ ಒಳಗೆ ಬರುವಂತಿಲ್ಲ. ನಾನು ಒಬ್ಬಳೇ ಗೋಡೆ ಕೆರೆದೆ, ಒಬ್ಬಳೇ ಸುಣ್ಣ ಬಳಿದೆ. ಮಾತಾಡಿಸಲಿಲ್ಲ ಅಂತಲ್ಲ, ನಾನು ಬಾಯಿ ಮುಚ್ಚುವವಳಾ? ಆದರೆ ನನ್ನೊಬ್ಬಳ ಮಾತು ಸಾಲಲಿಲ್ಲ. ಮನೆ ಬೀದಿಗೆ ಬಂದ ದಿನ ಈರಮ್ಮ ಮೆಂತ್ಯದ ಕಟ್ಟು ಹಿಡಿದಳು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು, ತುಟಿ ಅಲುಗಿಸಿದರು, ಏನೂ ಬರಲಿಲ್ಲ. ಹತ್ತೊಂಬತ್ತರಲ್ಲಿ ಉಳಿದದ್ದು ನಾಲ್ಕು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ತಿರುಗಿದ ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅವತ್ತೇ ಹಟ ಹಿಡಿದೆ. ಮೂರನೆಯ ಸಲ ತಿರುಗಲು ನಾನು ಬಿಡುವುದಿಲ್ಲ ಅಂದುಕೊಂಡೆ. ಮಾಡಿದ್ದೇನು? ಮೂರು ಸಲ ಸುಣ್ಣ ಬಳಿದು ಗೋಡೆಯನ್ನು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಮಾಡಿದೆ. ಆಚಾರ್ರ ಹತ್ತಿರ ಎರಡು ಪಾಲು ಚಕ್ಕೆ ತಂದು ಮೊಣಕಾಲುದ್ದ ಸುರಿದೆ. ದ್ಯಾಮವ್ವನ ಮನೆ ಕಡೆಗೆ ಒಂದು ಕಣ್ಣು ಇಟ್ಟೇ ಇದ್ದೆ. ಮಾರನೆಯ ವರ್ಷ ಮಳೆ ಹಿಡಿದು ಹದಿನೈದು ದಿನಕ್ಕೆ ಗೋಡೆ ಮೇಲೆ ಒಂಬತ್ತು ಚುಕ್ಕೆ. ಎಷ್ಟು ಚುಕ್ಕೆಗೆ ಮನೆ ತಿರುಗುತ್ತದೆ ಅಂತ ಯಾರಿಗೂ ಲೆಕ್ಕ ಗೊತ್ತಿಲ್ಲ, ಅದು ಆಯಾ ಮನೆಯ ತಾಳ್ಮೆ. ಇವರಿಗೆ ಆಗ ಮತ್ತೆ ಮೂವತ್ತೊಂದು ಮಾತು ಬಂದಿದ್ದವು.

ಒಂದು ಬೆಳಿಗ್ಗೆ ಮಳೆ ನಿಂತಿತ್ತು, ಮೋಡ ಇತ್ತು. ನಾನು ಕಿಟಕಿ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವರು ಒಗೆದ ಬಿಳಿ ಬನಿಯನ್ ಹಾಕಿಕೊಂಡು ಕಂಬಿಗೆ ಒರಗಿದ್ದರು. ಇದ್ದಕ್ಕಿದ್ದಂತೆ ಎಡಗೈಯಲ್ಲಿ ನನ್ನ ತೋಳು ಹಿಡಿದು ಜಗ್ಗಿದರು. ನೋಡಿದರೆ ಬನಿಯನ್ ಮೇಲೆ, ಎದೆಯ ನಡುವೆ, ಸಾಸಿವೆಯಷ್ಟು ಕಪ್ಪು ಚುಕ್ಕೆ. "ಎಲಾ ಇವಳ! ಮನುಷ್ಯರ ಮೇಲೂ ಶುರು ಮಾಡಿದ್ಲಾ!" ಅಂತ ಎದ್ದು ಬಾಗಿಲಿಗೆ ಓಡಿದೆ. ದ್ಯಾಮವ್ವನ ಬಾಗಿಲಿಗೆ ಬೀಗ. ಆಗ ನೆನಪಾಯಿತು, ಅವಳು ನಾಲ್ಕು ದಿನದ ಹಿಂದೆಯೇ ಬಾಣಂತಿ ಮಗಳನ್ನು ನೋಡಿ ಬರಲು ಹೋಗಿದ್ದಳು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ತಿರುಗಿ ಬಂದರೆ ಇವರು ಕಿಟಕಿಯಿಂದ ಕೈ ಇಳಿಬಿಟ್ಟು ಕೆಳಗೆ ತೋರಿಸುತ್ತಿದ್ದಾರೆ. ಕೆಳಗೆ ಇದ್ದದ್ದು ಚಕ್ಕೆ.

ಹೊರಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಮೂಗು ಮುಟ್ಟುವಷ್ಟು ಹತ್ತಿರ ನೋಡಿದೆ. ಹಳೆಯ ಚಕ್ಕೆಯ ಮೇಲೆ ಕಿತ್ತಳೆ ಬಣ್ಣದ ಅಣಬೆ, ಒಂದೊಂದೂ ಗುಂಡುಸೂಜಿಯ ತಲೆಯಷ್ಟು, ಪುಟ್ಟ ಬಟ್ಟಲ ಹಾಗೆ ಬಾಯಿ ಬಿಟ್ಟುಕೊಂಡು. ಒಂದೊಂದು ಬಟ್ಟಲಲ್ಲಿ ಒಂದೊಂದು ಕಪ್ಪು ಕಾಳು. ನೋಡುತ್ತಿದ್ದ ಹಾಗೇ ಒಂದು ಬಟ್ಟಲು ಖಾಲಿಯಾಯಿತು, ನನ್ನ ಹಣೆಗೆ ಏನೋ ಟಪ್ ಅಂತ ಬಡಿಯಿತು. ಮುಟ್ಟಿದರೆ ಅಂಟು.

ನನಗೆ ಅಷ್ಟಕ್ಕೆ ಸಮಾಧಾನ ಆಗಲಿಲ್ಲ. ಒಂದು ಕಡೆ ಬಿಳಿ ಪಿಂಗಾಣಿ ತಟ್ಟೆ, ಇನ್ನೊಂದು ಕಡೆ ರೊಟ್ಟಿ ಹಂಚು, ಎರಡನ್ನೂ ಚಕ್ಕೆಗೆ ಎದುರಾಗಿ ನಿಲ್ಲಿಸಿದೆ. ಸಂಜೆಗೆ ತಟ್ಟೆ ಮೇಲೆ ಏಳು ಚುಕ್ಕೆ. ಕರೀ ಹಂಚಿನ ಮೇಲೆ ಸವರಿ ನೋಡಿದೆ, ಒಂದೂ ಇಲ್ಲ. ಬೆಳಕು ಎಲ್ಲಿ ಜಾಸ್ತಿಯೋ ಅಲ್ಲಿಗೆ ಹಾರುವ ಜಾತಿ ಅದು. ಅಯ್ಯೋ ನನ್ನ ಬುದ್ಧಿಗೆ! ಮೂರು ಸಲ ಸುಣ್ಣ ಬಳಿದು ನಾನೇ ಕರೆದಿದ್ದೆ, ಮೊಣಕಾಲುದ್ದ ಹಾಸಿಗೆ ಹಾಕಿ ನಾನೇ ಸಾಕಿದ್ದೆ. ಮನೆ ತಿರುಗುವಾಗ ನೋವಾಗದಿರಲಿ ಅಂತ ಏನು ಹಾಕುತ್ತಿದ್ದೆವೋ ಅದರಿಂದಲೇ ಮನೆ ತಿರುಗುತ್ತಿತ್ತು. ತಲೆತಲಾಂತರದಿಂದ ಊರಿಗೆ ಊರೇ ಇದನ್ನು ಮಾಡಿಕೊಂಡು ಬಂದು, ನೊಣ ಅಂದಿದೆ, ದೃಷ್ಟಿ ಅಂದಿದೆ, ಪಕ್ಕದ ಮನೆಯವರು ಅಂದಿದೆ.

ಎರಡು ದಿನಕ್ಕೆ ದ್ಯಾಮಕ್ಕ ಬಂದಳು. ಒಂದು ತಟ್ಟೆಯಲ್ಲಿ ಆ ಚಕ್ಕೆ ಇಟ್ಟುಕೊಂಡು ಅವಳ ಬಾಗಿಲಿಗೆ ಹೋದೆ. "ದ್ಯಾಮಕ್ಕಾ" ಅಂದೆ.

ಅವಳು ಗಂಟು ಬಿಚ್ಚುತ್ತಲೇ, "ಯಾರನ್ನ ಕರೀತಿದೀಯ? ಅಕ್ಕ ಅನ್ನೋರು ಈ ಮನೇಲಿ ಸತ್ತು ಎರಡು ವರ್ಷ ಆಯ್ತು" ಅಂದಳು.

"ತಪ್ಪಾಯ್ತು ಕಣಕ್ಕ. ನೀನು ಉಗುಳಿಲ್ಲ. ಉಗುಳಿದ್ದು ಇದು."

ತಟ್ಟೆ ಮುಂದಿಟ್ಟೆ. ಅವಳು ಬಗ್ಗಿ ನೋಡಿದಳು. ಅಣಬೆ ಅವಳ ಕೆನ್ನೆಗೇ ಒಂದು ಹಾರಿಸಿತು, ನನ್ನ ಪುಣ್ಯ. "ಅಯ್ಯೋ ಇದರ ಮನೆ ಹಾಳಾಗ!" ಅಂತ ಹಿಂದಕ್ಕೆ ಸರಿದವಳು ಸೆರಗಿನಲ್ಲಿ ಕೆನ್ನೆ ಉಜ್ಜಿಕೊಂಡಳು. ಆಮೇಲೆ ಮೆಲ್ಲಗೆ, "ನನ್ನ ಗೋಡೆ ಮೇಲಿರೋದು ನೀನು ಸಿಟ್ಟಿಗೆ ಗಾಡಿ ಕೀಲೆಣ್ಣೆ ಎರಚಿದ್ದು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದಿದೀನಿ" ಅಂದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಆಮೇಲೆ ಅತ್ತೆವು. ಬಾಣಂತಿ ಮಗಳಿಗೆ ಅಂತ ಮಾಡಿದ್ದ ಅಂಟಿನುಂಡೆ ಡಬ್ಬಿಯಲ್ಲಿ ಉಳಿದದ್ದನ್ನು ನನಗೇ ಕೊಟ್ಟಳು.

ಚಕ್ಕೆ ಪೂರ್ತಿ ಬಳಿದು ತೆಗೆದು ಹಳ್ಳದ ಗುಂಡುಕಲ್ಲು ಹಾಕುವುದು ಅಂತ ನಾವಿಬ್ಬರೂ ತೀರ್ಮಾನ ಮಾಡಿದೆವು. ಕಲ್ಲಿನ ಮೇಲೆ ಅಣಬೆ ಏನು ತಿಂದು ಬದುಕುತ್ತದೆ? ಸುದ್ದಿ ಕೇಳಿ ರುದ್ರಾಚಾರ್ರು ಕೋಲೂರಿಕೊಂಡು ಬಂದರು.

"ಹಾಲಮ್ಮಾ, ನಿನ್ನ ಗಂಡನ ಮುಖ ನೋಡಿ ಹೇಳ್ತಿದೀನಿ. ನಿಮ್ಮದು ಎರಡು ಸಲ ತಿರುಗಿದ ಮನೆ. ಗೋಡೆ ಮೇಲೆ ಆಗ್ಲೇ ಹದಿನಾಲ್ಕು ಚುಕ್ಕೆ ಅದಾವೆ. ನಾಳೆ ಬಿಸಿಲಿಗೆ ತಿರುಗಿದ್ರೆ, ಕಲ್ಲ ಮೇಲೆ ಪಾಯ ಸೀಳ್ತೈತೆ. ಗೋಡೆ ಬೀಳೋದು ಅವನ ಮಂಚದ ಮೇಲೆ."

"ಚಕ್ಕೆ ಬಿಟ್ರೆ ಹದಿನಾಲ್ಕು ನಲವತ್ತು ಆಗ್ತಾವಲ್ಲ ಆಚಾರ್ರೇ. ಆಗ ತಿರುಗೋದು ಗ್ಯಾರಂಟಿ ತಾನೇ?"

"ತಿರುಗಲಿ ತಾಯಿ. ಜೀವ ಉಳೀತೈತಲ್ಲ."

ಜೀವ ಉಳಿಯುತ್ತದೆ ನಿಜ. ಬಂಡೆ ನೋಡಿಕೊಂಡು, ಒಂದೊಂದೇ ಮಾತು ಕಳೆದುಕೊಂಡು, ಕೊನೆಗೆ ನನ್ನ ಹೆಸರೂ ಇಲ್ಲದೆ ಉಳಿಯುವ ಜೀವ. ಒಳಗೆ ಹೋಗಿ ಇವರ ಮಂಚದ ತುದಿಗೆ ಕೂತೆ. ಎಲ್ಲವನ್ನೂ ಬಿಡಿಸಿ ಹೇಳಿದೆ, ಗೋಡೆ ಬೀಳಬಹುದು ಅನ್ನುವುದನ್ನೂ ಹೇಳಿದೆ. "ಏನ್ ಮಾಡ್ಲಿ ನೀವೇ ಹೇಳಿ" ಅಂದೆ. ಅವರು ಬನಿಯನ್ ಮೇಲಿನ ಚುಕ್ಕೆ ಮುಟ್ಟಿಕೊಂಡರು. ಆಮೇಲೆ ಬೀದಿ ನೋಡಿದರು. ಮೂವತ್ತೊಂದು ಮಾತಿನಲ್ಲಿ ಹುಡುಕಿ ಒಂದನ್ನು ಆರಿಸಿದರು. "ತೆಗಿ."

ಎರಡು ದಿನ ನಾನೂ ದ್ಯಾಮಕ್ಕನೂ ಸೊಂಟ ಮುರಿದುಕೊಂಡು ದುಡಿದೆವು. ಚಕ್ಕೆಯನ್ನು ಮಣ್ಣು ಕಾಣುವವರೆಗೆ ಬಳಿದು, ಕೆರೆ ಆಚೆ ಯಾವ ಗೋಡೆಯೂ ಇಲ್ಲದ ಬಾಳೆತೋಟಕ್ಕೆ ಹೊತ್ತು ಹಾಕಿದೆವು. ಹಳ್ಳದಿಂದ ಕಲ್ಲು ತಂದು ತುಂಬಿದೆವು. ತೆಂಗಿನ ಚಿಪ್ಪಿನ ಅಂಚಿನಲ್ಲಿ ಚುಕ್ಕೆ ಕೆರೆದೆವು. ಎಂಟು ಹೋದವು, ಆರು ಹೋಗಲಿಲ್ಲ. ಸುಣ್ಣ ಬಳಿಯೋಣ ಅಂದರೆ ಮಳೆ ಸುರಿಯಲು ಶುರುವಾಯಿತು. ಐದು ದಿನ ಬಿಡದೆ ಸುರಿಯಿತು. ಆರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬಿಸಿಲು, ಬೈಗುಳ ಬರುವಷ್ಟು ಚೆನ್ನಾದ ಬಿಸಿಲು.

ಇವರನ್ನು ದ್ಯಾಮಕ್ಕನ ಮನೆಗೆ ಎತ್ತಿಕೊಂಡು ಹೋಗೋಣ ಅಂತ ಮಲ್ಲೇಶಿಯನ್ನು ಕರೆದೆ. ಇವರು ಎಡಗೈಯಲ್ಲಿ ಕಿಟಕಿ ಕಂಬಿ ಹಿಡಿದರು. ಎಷ್ಟು ಎಳೆದರೂ ಬಿಡಲಿಲ್ಲ. "ಇಲ್ಲ" ಅಂದರು. ಗೋಗರೆದೆ, ಗದರಿದೆ. "ಇಲ್ಲ." ಅಷ್ಟರಲ್ಲಿ ಕಪಾಟಿನ ಲೋಟ ಟಣ್ ಅಂದಿತು. ಆಮೇಲೆ ತಪ್ಪಲೆ. ಆಮೇಲೆ ಬಾಗಿಲ ಚೌಕಟ್ಟು ಕಿರುಗುಟ್ಟಿತು. ಕೆಳಗಡೆ ಕಲ್ಲು ಕರಕರ ಅಂತ ಉಜ್ಜತೊಡಗಿತು. ಮೆಟ್ಟಿಲ ಹತ್ತಿರದಿಂದ ಒಂದು ಬಿರುಕು ಹೊರಟು ಕಿಟಕಿಯ ಕಡೆಗೆ ಏರುತ್ತಿತ್ತು.

ನಾನು ಬೀದಿಗೆ ಓಡಿದೆ. ಆರು ಚುಕ್ಕೆ ಬಿಸಿಲಲ್ಲಿ ಎದ್ದು ಕಾಣುತ್ತಿದ್ದವು. ಏನು ತೋಚಿತೋ ನನಗೇ ಗೊತ್ತಿಲ್ಲ. ಒಂದು ಚುಕ್ಕೆಗೆ ನನ್ನ ಬೆನ್ನು ಒತ್ತಿ ನಿಂತುಕೊಂಡು ಮನೆಗೇ ಬೈಯಲು ಶುರು ಮಾಡಿದೆ. "ಯಾರ ಮುಂದೆ ನಿಂಗೆ ನಾಚಿಕೆ? ನನ್ನ ಬಾಯಿಗೆ ಇಡೀ ಊರೇ ಹೆದರ್ತೈತೆ, ನಾನೇನು ಮುಖ ಮುಚ್ಕೊಂಡು ತಿರುಗ್ತೀನಾ? ನಿಲ್ಲು ಅಂದ್ರೆ ನಿಲ್ಲು!"

ದ್ಯಾಮಕ್ಕ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಚರಂಡಿಗೆ ಉಗುಳಿ ಬಂದು, ಇನ್ನೊಂದು ಚುಕ್ಕೆಗೆ ಬೆನ್ನು ಕೊಟ್ಟಳು. ಈರಮ್ಮ ಸೊಪ್ಪಿನ ಬುಟ್ಟಿ ಇಳಿಸಿ ಬಂದಳು. ಮಲ್ಲೇಶಿ ಚೀಲದ ಸಮೇತ ಬಂದು ನಿಂತ. ಸಂತೆಗೆ ಹೊರಟಿದ್ದ ಹಿಟ್ಟಿನ ಗಿರಣಿ ಪರಸಪ್ಪ ಮೈಯೆಲ್ಲ ಹಿಟ್ಟಿನಲ್ಲೇ ಗೋಡೆಗೆ ಒರಗಿದ. ಐದು ಮುಚ್ಚಿತು. ಆರನೆಯದು ಕಿಟಕಿಯ ಪಕ್ಕ, ಸಾಲಿನ ತುದಿಯಲ್ಲಿ, ಯಾರ ಬೆನ್ನಿಗೂ ಸಿಗದೆ ಉಳಿಯಿತು. ಕಾಲ ಕೆಳಗೆ ಕಲ್ಲು ಇನ್ನೂ ಉಜ್ಜುತ್ತಲೇ ಇತ್ತು. ಬೀದಿಯ ಆಚೆ ಬದಿಯಲ್ಲಿ ರುದ್ರಾಚಾರ್ರು ಕೋಲಿನ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು.

ಆಗ ನನ್ನ ತಲೆಯ ಪಕ್ಕದಲ್ಲೇ, ಕಿಟಕಿಯಿಂದ, ಒಂದು ಗಂಟಲು ಕೇಳಿತು. ಒಂದೂವರೆ ವರ್ಷದಿಂದ ಕೇಳದ ಗಂಟಲು.

"ಸರೀರಿ... ಸರೀರಿ. ಮುಂದಕ್ಕೆ ಸರೀರಿ. ಇನ್ನೊಬ್ರಿಗೆ ಜಾಗ ಐತೆ."

ಐದೂ ಜನ ಬಸ್ಸಿನಲ್ಲಿ ನಿಂತವರ ಹಾಗೆ, ಯೋಚನೆ ಕೂಡ ಮಾಡದೆ ಒತ್ತಿಕೊಂಡು ಸರಿದೆವು. ಯಾರ ಚುಕ್ಕೆ ಯಾರ ಬೆನ್ನಿಗೆ ಬಂತೋ, ಎಲ್ಲವೂ ಮುಚ್ಚಿಯೇ ಇದ್ದವು, ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಆಯಿತು.

"ಆಚಾರ್ರೇ! ಏನ್ ನೋಡ್ತೀರಿ, ಹತ್ಕೊಳ್ರಿ!"

ರುದ್ರಾಚಾರ್ರ ಕೈಯಿಂದ ಕೋಲು ಬಿತ್ತು. ಎಂಬತ್ತು ದಾಟಿದ ಮನುಷ್ಯ, ಬೀದಿ ದಾಟಿ ಓಡಿಯೇ ಬಂದರು. ಕೊನೆಯ ಚುಕ್ಕೆಯ ಮೇಲೆ ತಮ್ಮ ಬೆನ್ನು ಇಟ್ಟರು. ಕಲ್ಲಿನ ಸದ್ದು ನಿಂತಿತು. ತಪ್ಪಲೆ ಸುಮ್ಮನಾಯಿತು. ಆದರೂ ಯಾರೂ ಕದಲಲಿಲ್ಲ. ಸೂರ್ಯ ನೆತ್ತಿಗೆ ಏರಿ ಸೂರಿನ ನೆರಳು ಗೋಡೆ ಮೇಲೆ ಇಳಿಯುವವರೆಗೆ ಆರು ಜನ ಹಾಗೇ ನಿಂತಿದ್ದೆವು. ನಾನು ಅಳುತ್ತಿದ್ದೆ, ಯಾರು ನೋಡಿದರೂ ನೋಡಲಿ ಅಂತ ಜೋರಾಗಿಯೇ ಅಳುತ್ತಿದ್ದೆ. ದ್ಯಾಮಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಒಳಗಿನಿಂದ ಇವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಣಿಸುತ್ತಿದ್ದರು. ಮಲ್ಲೇಶಿಯ ಹೆಸರಿಗೆ ಸ್ವಲ್ಪ ತಡವರಿಸಿದರು, ಆಮೇಲೆ ಅದೂ ಬಂತು.

ಮಳೆ ತೆರಪು ಕೊಟ್ಟ ಮೇಲೆ ಉಳಿದ ಆರನ್ನೂ ಕೆರೆದು ಸುಣ್ಣ ಬಳಿದೆವು. ಹೊಸ ಚುಕ್ಕೆ ಒಂದೂ ಬೀಳಲಿಲ್ಲ. ಆ ವರ್ಷವೂ ಇಲ್ಲ, ಆಮೇಲೆ ಬಂದ ಎರಡು ವರ್ಷವೂ ಇಲ್ಲ. ಈಗ ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳ ಬುಡದಲ್ಲಿ ಹಳ್ಳದ ಕಲ್ಲು. ಗೋಡೆ ಬುಡಕ್ಕೆ ಚಕ್ಕೆ ಕೇಳಿಕೊಂಡು ಬಂದವರನ್ನು ಆಚಾರ್ರೇ ಬೈದು ಬಾಳೆತೋಟದ ದಾರಿ ತೋರಿಸುತ್ತಾರೆ. ನಮ್ಮ ಮನೆ ಮಾತ್ರ ಅವತ್ತು ನಾಲ್ಕು ಬೆರಳು ಸರಿದದ್ದು ಹಾಗೇ ಇದೆ, ಬಾಗಿಲು ಬೀದಿಗೆ ಸ್ವಲ್ಪ ಓರೆ. ಬಿರುಕನ್ನೂ ನಾನು ಮುಚ್ಚಿಸಿಲ್ಲ.

ಇನ್ನು ಇವರ ಮಾತು. ಅಬ್ಬಬ್ಬಾ! ಬೆಳಗಾದರೆ ಕಿಟಕಿಯಲ್ಲಿ ಕೂತು ಹೋಗುವವರನ್ನೆಲ್ಲ ಮುಂದಕ್ಕೆ ಸರಿಸುತ್ತಿರುತ್ತಾರೆ. ನನಗೆ ಒಂದು ಮಾತು ಆಡಲು ಸಂದಿ ಸಿಗುವುದಿಲ್ಲ. ಆ ಬನಿಯನ್ ತೊಳೆದು ತೊಳೆದು ಹಿಂಜಿದೆ, ಚುಕ್ಕೆ ಹೋಗಿಲ್ಲ. ಹೊಸದು ಹಾಕಿಕೊಳ್ಳಿ ಅಂದರೆ ಕೇಳುವುದಿಲ್ಲ. "ಇರ್ಲಿ ಬಿಡು ಹಾಲಮ್ಮಾ" ಅನ್ನುತ್ತಾರೆ, ನನ್ನ ಹೆಸರು ಹಿಡಿದು.